ಅಣ್ಣ ಎನ್ನುವುದು ಸುಲಭ, ಬೀಗರೇ ಎನ್ನುವುದು?



ಕಳೆದ ಎರಡು ತಿಂಗಳಿಂದ ನಾನು ಫೋನಿನಲ್ಲಿ ದಿನಕ್ಕೆ ನಾಲ್ಕೈದು ಹಂಗೇರಿಯನ್ ಪದಗಳನ್ನು ಕಲಿಯುತ್ತಿದ್ದೇನೆ. ಕನ್ನಡ ಎಂ.ಎ. ಮಾಡಿದವಳಿಗೆ ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮನೆಯಲ್ಲಿ ನಗುತ್ತಾರೆ. ಆ ಭಾಷೆಯಲ್ಲಿ ಕಾದಂಬರಿ ಓದುವ ಆಸೆಯೇನೂ ನನಗಿಲ್ಲ. ಅಲ್ಲಿನ ಜನ ತಮ್ಮ ಮನೆಯವರನ್ನು, ಗೆಳೆಯರನ್ನು, ನೆಂಟರನ್ನು ಏನೆಂದು ಕರೆಯುತ್ತಾರೆ ಎಂಬುದಷ್ಟೇ ನನಗೆ ಬೇಕು. ಆ ಪದಗಳನ್ನು ಕಲಿಯುತ್ತ ಕಲಿಯುತ್ತ ನಮ್ಮ ಪದಗಳ ಬಗ್ಗೆಯೇ ಒಂದು ಪ್ರಶ್ನೆ ಎದ್ದಿದೆ. ಇಂದಿನ ಚಿಂತನೆ ಅದೇ.

ಹಂಗೇರಿಯೇ ಯಾಕೆ? ಅಲ್ಲಿ ಜೈ ಭೀಮ್ ಎನ್ನುವವರು ಇದ್ದಾರೆ. ಆ ದೇಶದ ಈಶಾನ್ಯ ಭಾಗದ ಶಾಯೋಕಾಜಾ ಎಂಬ ಹಳ್ಳಿಯಲ್ಲಿ 2007ರಲ್ಲಿ ಬಾಬಾಸಾಹೇಬರ ಹೆಸರಿನಲ್ಲಿ ಒಂದು ಶಾಲೆ ಶುರುವಾಯಿತು. ಶುರು ಮಾಡಿದವರು ಟಿಬೊರ್ ದೆರ್ದಾಕ್ ಮತ್ತು ಯಾನೋಶ್ ಒರ್ಶೋಶ್. ಅವರು ಬಾಬಾಸಾಹೇಬರ ಬಗ್ಗೆ ಓದಿ, ಮಹಾರಾಷ್ಟ್ರಕ್ಕೆ ಬಂದು ನಮ್ಮ ಜನರ ನಡುವೆ ಓಡಾಡಿ ಹೋದವರು. ತಮ್ಮ ಬೌದ್ಧ ಸಮುದಾಯಕ್ಕೂ ಜೈ ಭೀಮ್ ಎಂದೇ ಹೆಸರಿಟ್ಟರು. ಆ ಶಾಲೆಯಲ್ಲಿ ಓದುವವರು ಹೆಚ್ಚಾಗಿ ರೋಮಾ ಮಕ್ಕಳು.

ರೋಮಾ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತ ಬಿಟ್ಟು ಹೋದವರು. ಅವರ ರೋಮಾನಿ ಭಾಷೆಯೇ ಅದಕ್ಕೆ ಸಾಕ್ಷಿ. ನೀರಿಗೆ ಅವರು 'ಪಾನಿ' ಎನ್ನುತ್ತಾರೆ. ಚಿಕ್ಕಪ್ಪನಿಗೆ 'ಕಾಕೊ' ಎನ್ನುತ್ತಾರೆ, ನಮ್ಮ ಕಡೆ ಕಾಕಾ ಎಂದಂತೆ. ಹಂಗೇರಿಯ ಬಹುಪಾಲು ರೋಮಾ ಜನ ಇವತ್ತು ಮನೆಯಲ್ಲೂ ಹಂಗೇರಿಯನ್ ಭಾಷೆಯನ್ನೇ ಆಡುತ್ತಾರೆ. ಆದರೂ ಹೊರಗಿನವರು ಅವರಿಗೆ ಹಾಕಿದ ಹೆಸರು 'ತ್ಸಿಗಾನ್ಯ್'. ಇದರ ಮೂಲ ಗ್ರೀಕ್ ಭಾಷೆಯ ಒಂದು ಪದ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಗ್ರೀಕ್ ಪದದಲ್ಲಿರುವುದು 'ಮುಟ್ಟದವರು' ಎಂಬ ಅರ್ಥ. ಬಂಧುಗಳೇ, ಈ ಮಾತನ್ನು ನಾವು ನಿಘಂಟು ತೆರೆಯದೆಯೇ ಅರಿಯಬಲ್ಲೆವು. ಅಲ್ಲಿ ರೋಮಾ ಮಕ್ಕಳನ್ನು ಬೇರೆ ತರಗತಿಯಲ್ಲಿ ಕೂರಿಸಿ ಕಲಿಸಿದ ಒಂದು ಹಳ್ಳಿಯ ಪ್ರಕರಣದಲ್ಲಿ, ಆ ಮಕ್ಕಳಿಗೆ ಪರಿಹಾರ ಕೊಡಲೇಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ನಾನು ಶಿಕ್ಷಕಿ. ಶಾಲೆಯೊಳಗೇ ಗೋಡೆ ಎದ್ದರೆ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಪದಗಳಿಗೆ ಬರೋಣ.

ಅಪ್ಪನಿಗೆ ಅವರು 'ಅಪ' ಎನ್ನುತ್ತಾರೆ. ಕೇಳಿದ ಕೂಡಲೇ ಖುಷಿಯಾಯಿತು, ಆದರೆ ಅದು ಕಾಕತಾಳೀಯ. ಹಂಗೇರಿಯನ್ನಿಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ. ಇನ್ನೊಂದು ಹೋಲಿಕೆ ಮಾತ್ರ ನಿಜವಾದದ್ದು. ಇಂಗ್ಲಿಷಿನಲ್ಲಿ ಅಣ್ಣನೂ 'ಬ್ರದರ್', ತಮ್ಮನೂ 'ಬ್ರದರ್'. ಹಂಗೇರಿಯನ್ನಿನಲ್ಲಿ ನಮ್ಮ ಹಾಗೆಯೇ ನಾಲ್ಕು ಬೇರೆ ಪದಗಳಿವೆ. ನನ್ನ ಅಣ್ಣ 'ಬಾತ್ಯಾಮ್', ನನ್ನ ತಮ್ಮ 'ಒಚೇಮ್', ನನ್ನ ಅಕ್ಕ 'ನೋವೇರೆಮ್', ನನ್ನ ತಂಗಿ 'ಹೂಗೊಮ್'. ಈ ನಾಲ್ವರನ್ನೂ ಒಟ್ಟಿಗೆ ಸೇರಿಸಿ ಹೇಳುವ ಪದ 'ತೆಶ್ತ್‌ವೇರ್'. 'ತೆಶ್ತ್' ಎಂದರೆ ಮೈ, 'ವೇರ್' ಎಂದರೆ ರಕ್ತ. ಮೈಯೂ ರಕ್ತವೂ ಒಂದೇ ಆದವರು. ನಾವು ಒಡಹುಟ್ಟಿದವರು ಎನ್ನುತ್ತೇವೆ, ಸಹೋದರರು ಎಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಭಾಷೆ ಯಾವುದೇ ಆಗಲಿ, ಮನುಷ್ಯ ತನ್ನವರನ್ನು ಮೊದಲು ಗುರುತಿಸಿದ್ದು ಹೊಟ್ಟೆಯಿಂದ ಮತ್ತು ರಕ್ತದಿಂದ.

ಆದರೆ ರಕ್ತದಲ್ಲೇ ನಿಂತುಬಿಟ್ಟರೆ ಊರು ನಡೆಯುವುದಿಲ್ಲ. ಅದಕ್ಕೇ ಮನೆಯ ಪದಗಳನ್ನು ಹೊರಗಿನವರಿಗೂ ಕೊಡುತ್ತಾರೆ. ಹಂಗೇರಿಯಲ್ಲಿ ಹಿರಿಯ ಗಂಡಸಿನ ಹೆಸರಿನ ಮುಂದೆ 'ಬಾಚಿ' ಸೇರಿಸುತ್ತಾರೆ, ಹಿರಿಯ ಹೆಂಗಸಿನ ಹೆಸರಿನ ಮುಂದೆ 'ನೇನಿ'. ನಮ್ಮಲ್ಲಿ ಕಾಕಾ, ಚಿಗವ್ವ ಎಂದ ಹಾಗೆ. ಚಿಕ್ಕ ಮಕ್ಕಳು ಶಾಲೆಯ ಶಿಕ್ಷಕಿಯನ್ನು 'ತನೀತೋ ನೇನಿ' ಎನ್ನುತ್ತಾರೆ, ಅಂದರೆ ಕಲಿಸುವ ಚಿಗವ್ವ. ನನಗೆ ನಗು ಬಂತು. ನಮ್ಮ ಕಡೆ ಮಕ್ಕಳು ನನ್ನನ್ನು 'ಅಕ್ಕೋರೇ' ಎನ್ನುತ್ತಾರಲ್ಲ! ಪಾಠ ಹೇಳುವವಳು ಅಲ್ಲಿ ಚಿಗವ್ವ, ಇಲ್ಲಿ ಅಕ್ಕ.

ಈ ಜಾಗದಲ್ಲಿ ನನ್ನ ನಗು ನಿಂತಿತು. ನಮ್ಮ ಊರುಗಳಲ್ಲಿ ಸಂಬಂಧದ ಪದಗಳಿಗೆ ಬರವಿಲ್ಲ. ಊರ ತುಂಬ ಕಾಕಾ, ಮಾಮಾ, ಅಜ್ಜ, ಆಯಿ. ಬೇರೆ ಬೇರೆ ಜಾತಿಯವರು, ಬೇರೆ ಧರ್ಮದವರು ಕೂಡ ಒಬ್ಬರನ್ನೊಬ್ಬರು ಕಾಕಾ, ಮಾಮಾ ಎಂದೇ ಕರೆಯುತ್ತಾರೆ. ಆದರೆ ಆ ಪದಗಳು ನಡೆದು ನಡೆದು ನಮ್ಮ ಕೇರಿಯ ಬಾಯಿಗೆ ಬಂದಾಗ ನಿಂತುಬಿಡುತ್ತಿದ್ದವು. ಹತ್ತು ವರ್ಷದ ಹುಡುಗ ನನ್ನ ಅಪ್ಪನನ್ನು ಬರೀ ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದ. ತಲೆ ನೆರೆತಿದ್ದ ನನ್ನ ಅಪ್ಪ ಆ ಹುಡುಗನಿಗೆ 'ಯಪ್ಪಾ' ಎನ್ನುತ್ತಿದ್ದರು. ಅಪ್ಪನ ವಯಸ್ಸಿನವನು ಮಗನ ವಯಸ್ಸಿನವನನ್ನು ಅಪ್ಪ ಎನ್ನಬೇಕು! ಪದ ಇತ್ತು, ಆದರೆ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಈಗ ಕಾಲ ಅಷ್ಟಿಷ್ಟು ಬದಲಾಗಿದೆ. ಅಣ್ಣಾ ಎಂದು ಬಾಯ್ತುಂಬ ಕರೆದು ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಡುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಹಾಗಾದರೆ ಪ್ರಶ್ನೆ ಇದು. ಸಂಬಂಧದ ಪದ ಯಾವಾಗ ನಿಜವಾಗುತ್ತದೆ? ರಕ್ತ ಒಂದಾಗಿದ್ದರೆ ಮಾತ್ರವೇ? ಅಥವಾ ಬಾಯಲ್ಲಿ ಕರೆದರೆ ಸಾಕೇ?

ಮೊದಲು ರಕ್ತದ ಮಾತು ನೋಡೋಣ. ಹಂಗೇರಿಯನ್ನಿನಲ್ಲಿ ಕಾಕಾನ ಮಗ, ಮಾಮಾನ ಮಗ, ಅತ್ತೆಯ ಮಗಳು, ಚಿಗವ್ವನ ಮಗಳು ಎಲ್ಲರಿಗೂ ಒಂದೇ ಪದ, 'ಉನೊಕತೆಶ್ತ್‌ವೇರ್'. ಒಬ್ಬ ಅಜ್ಜ ಅಜ್ಜಿಗೆ ಮೊಮ್ಮಕ್ಕಳಾಗಿ ಒಡಹುಟ್ಟಿದವರು ಎಂದು ಅದರ ಭಾವ. ಕನ್ನಡದಲ್ಲಿ ಹಾಗಲ್ಲ. ಕಾಕಾನ ಮಗಳು ತಂಗಿ, ಆದರೆ ಅತ್ತೆಯ ಮಗಳು ತಂಗಿಯಲ್ಲ, ಅವಳನ್ನು ಮದುವೆಯಾಗಬಹುದು. ಅಮ್ಮನ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಂದರೆ ಯಾರನ್ನು ಮದುವೆಯಾಗಬೇಕು, ಯಾರನ್ನು ಆಗಬಾರದು ಎಂಬುದನ್ನು ನಮ್ಮ ಪದಗಳೇ ಮೊದಲು ಹೇಳಿಬಿಟ್ಟಿವೆ. ಮಗು ಮಾತು ಕಲಿಯುವಾಗಲೇ ಮದುವೆಯ ಬೇಲಿಯನ್ನೂ ಕಲಿಯುತ್ತದೆ. ಪದ ತಪ್ಪಲ್ಲ, ಅತ್ತೆಯ ಪ್ರೀತಿಯೂ ತಪ್ಪಲ್ಲ. ಆದರೆ ಆ ಬೇಲಿಯ ಆಚೆ ಇರುವವರಿಗೆ ಕಾಕಾ ಎಂದರೂ ಮಾವ ಎಂಬುದು ಬರೀ ಉಪಚಾರದ ಮಾತಾಗಿ ಉಳಿಯುತ್ತದೆ.

ಬಾಬಾಸಾಹೇಬರು 1916ರ ಮೇ ತಿಂಗಳಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ ಇಪ್ಪತ್ತೈದು ವರ್ಷ. ಜಾತಿಯ ತಿರುಳು ಒಳಮದುವೆ ಎಂದು ಅವರು ಅಲ್ಲಿ ತೋರಿಸಿದರು. ಮುಟ್ಟುವುದು, ಉಣ್ಣುವುದು, ಕಸುಬು ಇವೆಲ್ಲ ಸುತ್ತಲಿನವು, ನಡುಗಂಬ ಮದುವೆ. 1936ರಲ್ಲಿ ಲಾಹೋರಿನ ಸಭೆಗಾಗಿ ಬರೆದ, ಆದರೆ ಅಲ್ಲಿ ಓದಲು ಅವಕಾಶ ಸಿಗದ ಭಾಷಣದಲ್ಲಿ ಇನ್ನೂ ಬಿಚ್ಚಿ ಹೇಳಿದರು. ಜೊತೆಗೆ ಕೂತು ಉಂಡರೆ ಸಾಲದು, ಜಾತಿ ಮುರಿಯುವ ನಿಜವಾದ ಮದ್ದು ಅಂತರ್ಜಾತಿ ಮದುವೆ, ರಕ್ತ ಬೆರೆತಾಗ ಮಾತ್ರ ಇವರು ನಮ್ಮವರು ಎಂಬ ಭಾವ ಹುಟ್ಟುತ್ತದೆ ಎಂದು.

ಇದೇ ಬಾಬಾಸಾಹೇಬರು ನಂತರ ಮೈತ್ರಿಯ ಮಾತನ್ನೂ ಆಡುತ್ತಾರೆ. ಮೈತ್ರಿಗೆ ರಕ್ತ ಬೇಡ. ಹಾಗಾದರೆ ಅವರು ಮಾತು ಬದಲಿಸಿದರೇ? ನನ್ನ ತಿಳುವಳಿಕೆಯಲ್ಲಿ ಇಲ್ಲ. ಇದನ್ನು ನನಗೆ ಅರ್ಥ ಮಾಡಿಸಿದ್ದು ಒಂದು ಹಂಗೇರಿಯನ್ ಪದ.

ಗೆಳೆಯನಿಗೆ ಅವರು 'ಬರಾತ್' ಎನ್ನುತ್ತಾರೆ. ಈ ಪದ ಅವರದಲ್ಲ, ಪಕ್ಕದ ಸ್ಲಾವ್ ಜನರಿಂದ ಎರವಲು ತಂದದ್ದು. ಸ್ಲಾವ್ ಭಾಷೆಗಳಲ್ಲಿ 'ಬ್ರಾತ್' ಎಂದರೆ ಅಣ್ಣತಮ್ಮ. ಸಂಸ್ಕೃತದ ಭ್ರಾತೃ, ಪಾಳಿಯ ಭಾತಾ, ರೋಮಾನಿಯ 'ಫ್ರಾಲ್' ಎಲ್ಲ ಒಂದೇ ಬೇರಿನವು. ಪತ್ರಮಿತ್ರರಿಗೆ ಇಂಗ್ಲಿಷಿನಲ್ಲಿ ಪೆನ್‌ಪ್ಯಾಲ್ ಎನ್ನುತ್ತೇವಲ್ಲ, ಆ 'ಪ್ಯಾಲ್' ಎಂಬುದು ರೋಮಾ ಜನ ಇಂಗ್ಲಿಷಿಗೆ ಕೊಟ್ಟ ಇದೇ ಪದ. ಜಗತ್ತು ಮುಟ್ಟಲು ಒಲ್ಲದ ಜನ ಜಗತ್ತಿಗೆ ಕೊಟ್ಟದ್ದು ಗೆಳೆಯ ಎಂಬ ಪದವನ್ನು!

'ಬರಾತ್' ಎಂಬುದಕ್ಕೆ ಹಂಗೇರಿಯನ್ನಿನಲ್ಲಿ ಎರಡು ಅರ್ಥ. ಒಂದು ಗೆಳೆಯ, ಇನ್ನೊಂದು ಮಠದ ಸನ್ಯಾಸಿ. ಕ್ರೈಸ್ತ ಸನ್ಯಾಸಿಗಳು ಒಬ್ಬರನ್ನೊಬ್ಬರು ಸೋದರ ಎನ್ನುತ್ತಿದ್ದರು, ಹಾಗಾಗಿ ಈ ಅರ್ಥ. ಪದ ನಡೆದ ದಾರಿ ನೋಡಿ. ಹೊರಟದ್ದು ಒಂದೇ ರಕ್ತದ ಅಣ್ಣತಮ್ಮನಿಂದ. ತಲುಪಿದ್ದು ರಕ್ತ ಬಿಟ್ಟು ವ್ರತದಿಂದ ಒಂದಾದವರನ್ನು, ಮನಸ್ಸಿನಿಂದ ಒಂದಾದ ಗೆಳೆಯನನ್ನು.

ಭಗವಾನ್ ಬುದ್ಧರ ಸಂಘದಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. ಶಾಕ್ಯರಿಗೆ ತಮ್ಮ ರಕ್ತದ ಬಗ್ಗೆ ಬಲು ಹೆಮ್ಮೆ. ಅನುರುದ್ಧ, ಆನಂದ, ಭದ್ದಿಯ ಮೊದಲಾದ ಶಾಕ್ಯರು ಪಬ್ಬಜ್ಜೆಗೆ ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದ. ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ನಾವು ಅವನಿಗೆ ಎದ್ದು ನಿಂತು ಕೈಮುಗಿಯಬೇಕಾಗುತ್ತದೆ, ನಮ್ಮ ಶಾಕ್ಯ ಗರ್ವ ಇಳಿಯುತ್ತದೆ ಎಂದು ಅವರೇ ಕೇಳಿಕೊಂಡರು ಎಂದು ವಿನಯ ಪಿಟಕ ಹೇಳುತ್ತದೆ. ಸಂಘದಲ್ಲಿ ಹಿರಿಯ ಕಿರಿಯ ಎಂಬುದು ದೀಕ್ಷೆಯ ದಿನದಿಂದ ಎಣಿಕೆ. ಹೀಗೆ ಕ್ಷೌರಿಕ ಅಣ್ಣನಾದ, ರಾಜವಂಶದವರು ತಮ್ಮಂದಿರಾದರು. ಹುಟ್ಟಿನಿಂದ ಬಂದ 'ಬಾತ್ಯಾಮ್' ಹೋಗಿ ಧಮ್ಮದಿಂದ ಬಂದ 'ಬಾತ್ಯಾಮ್' ಬಂತು. ಶಾಕ್ಯರು ಬರೀ ಅಣ್ಣಾ ಎಂದು ಕರೆದು ಸುಮ್ಮನಾಗಲಿಲ್ಲ, ಎದ್ದು ನಿಂತು ಬಾಗಿದರು. ಪದಕ್ಕೆ ಜೀವ ಬಂದದ್ದು ಆ ಬಾಗುವಿಕೆಯಿಂದ.

ಶಾಲೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವಾಗ 'ಭ್ರಾತೃ' ಎಂಬ ಪದದ ಹತ್ತಿರ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಸ್ವಾತಂತ್ರ್ಯ, ಸಮಾನತೆ, ಸೋದರತೆ ಮೂರನ್ನೂ ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ತಮ್ಮ ಗುರು ಬುದ್ಧರಿಂದ ಎಂದು ಬಾಬಾಸಾಹೇಬರು 1954ರ ಅಕ್ಟೋಬರಿನಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಸೋದರತೆಗೆ ಹೆಚ್ಚು ಸರಿಯಾದ ಪದ ಬುದ್ಧರು ಹೇಳಿದ ಮೈತ್ರಿಯೇ ಎಂದೂ ಒಂದು ಕಡೆ ಬರೆದಿದ್ದಾರೆ. ಭ್ರಾತೃ ಎಂಬುದರಲ್ಲಿ ಇನ್ನೂ ರಕ್ತದ ವಾಸನೆ ಇದೆ, ಅಕ್ಕತಂಗಿಯರು ಅದರ ಹೊರಗೆ ನಿಂತಿದ್ದಾರೆ. ಮೈತ್ರಿ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ.

ಹೀಗೆ ನೋಡಿದರೆ 1936ರ ಮಾತೂ ಮೈತ್ರಿಯ ಮಾತೂ ಒಂದೇ. ರಕ್ತ ಬೆರೆಯಬೇಕು ಎಂದು ಅವರು ಹೇಳಿದ್ದು ರಕ್ತ ದೊಡ್ಡದು ಎಂಬ ಕಾರಣಕ್ಕಲ್ಲ. ರಕ್ತದ ಬೇಲಿ ಬೀಳುವವರೆಗೆ ಮೈತ್ರಿ ಬಾಯಿಮಾತು ಎಂಬ ಕಾರಣಕ್ಕೆ. ಮೈತ್ರಿ ಒಳಗಿದ್ದರೆ ಮದುವೆಗೆ ಹೆದರಿಕೆ ಯಾಕೆ? ಹೆದರಿಕೆ ಇದ್ದರೆ ಮೈತ್ರಿ ಎಷ್ಟು ಆಳಕ್ಕೆ ಇಳಿದಿದೆ?

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಹಂಗೇರಿಯ ಗೆಳೆಯನನ್ನು ಬಂಧು ಎನ್ನುವುದಕ್ಕೆ ನನಗೇನೂ ಖರ್ಚಿಲ್ಲ. ಅವನು ನನ್ನ ಮನೆಗೆ ಹೆಣ್ಣು ಕೇಳಿಕೊಂಡು ಬರುವವನಲ್ಲ. ದೂರ ಹೆಚ್ಚಾದಷ್ಟೂ ಮೈತ್ರಿ ಅಗ್ಗ. ಪರೀಕ್ಷೆ ಇರುವುದು ಪಕ್ಕದ ಓಣಿಯಲ್ಲಿ.

ನಮ್ಮ ವಧು ವರರ ವಾಟ್ಸಾಪ್ ಗುಂಪುಗಳಲ್ಲಿ ಬರುವ ಬಯೋಡೇಟಾಗಳನ್ನು ತೆರೆದು ನೋಡಿ. ಮೇಲೆ ಬುದ್ಧರ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ. ಧರ್ಮ: ಬೌದ್ಧ. ಅದರ ಕೆಳಗಿನ ಸಾಲಿನಲ್ಲಿ ಜಾತಿ, ಅದರ ಪಕ್ಕದಲ್ಲಿ ಒಳಪಂಗಡ. ಎಡಗೈಯೋ ಬಲಗೈಯೋ ಎಂದು ಬಾಯಿಬಿಟ್ಟು ಬರೆಯದವರು ಫೋನಿನಲ್ಲಿ ಕೇಳಿಯೇ ಕೇಳುತ್ತಾರೆ. ಒಂದೇ ಚಾಪೆಯ ಮೇಲೆ ಕೂತು ತ್ರಿಸರಣ ಹೇಳಿದವರು, ಜೈ ಭೀಮ್ ಎಂದು ಅಪ್ಪಿಕೊಂಡವರು, ಮಗಳ ಮಾತು ಬಂದ ಕೂಡಲೇ "ಎಲ್ಲಾ ಸರಿ, ಆದ್ರ ನಮ್ಮೊಳಗ ರೂಢಿ ಇಲ್ಲ" ಎನ್ನುತ್ತಾರೆ. ಯಾರು ಮಾಡಿದ ರೂಢಿ ಅದು? ನಮ್ಮನ್ನು ಊರ ಹೊರಗೆ ಇಟ್ಟವರೇ ನಮ್ಮ ನಡುವೆಯೂ ಮೇಲು ಕೀಳಿನ ಗೆರೆ ಎಳೆದರು. ಊರಿನವರು ಎಳೆದ ಗೆರೆಯನ್ನು ನಾವು ಧಿಕ್ಕರಿಸಿದೆವು. ಈ ಒಳಗಿನ ಗೆರೆಯನ್ನು ಮಾತ್ರ ಹಿರಿಯರ ಆಸ್ತಿ ಎಂಬಂತೆ ಕಾಯುತ್ತಿದ್ದೇವೆ. ಸವಲತ್ತಿನ ಪಾಲು ಕೇಳುವುದು ನ್ಯಾಯದ ವಿಷಯ, ಅದಕ್ಕೆ ಸರ್ಕಾರದ ದಾಖಲೆಯಲ್ಲಿ ಜಾತಿ ಬರೆಯಬೇಕು, ಬರೆಯೋಣ. ಮದುವೆಯ ಹಾಳೆ ಸರ್ಕಾರದ ದಾಖಲೆಯಲ್ಲ.

ಹಂಗೇರಿಯನ್ನಿನಲ್ಲಿ 'ನಾಸ್' ಎಂಬ ಪದವಿದೆ. ನನ್ನ ಮಗಳ ಗಂಡನ ತಂದೆ ನನಗೆ 'ನಾಸ್'. ಇಂಗ್ಲಿಷಿನಲ್ಲಿ ಇದಕ್ಕೆ ಬಳಕೆಯ ಪದವಿಲ್ಲ. ನಮ್ಮಲ್ಲಿ ಇದೆ, ಬೀಗರು. ಬಾಗಿಲಿಗೆ ಜಡಿಯುವುದೂ ಬೀಗ, ಮಕ್ಕಳ ಮೂಲಕ ನಮ್ಮವರಾಗುವವರೂ ಬೀಗರು. ಯಾವ ಬೀಗ ಬೇಕು ಎಂದು ಪ್ರತಿ ಮನೆಯೂ ಒಂದು ದಿನ ತೀರ್ಮಾನಿಸಬೇಕಾಗುತ್ತದೆ. ನನ್ನ ಮಗಳು ಈಗ ಬಿ.ಎಸ್ಸಿ. ಕೊನೆಯ ವರ್ಷ. ಇನ್ನೆರಡು ಮೂರು ವರ್ಷಕ್ಕೆ ನಮ್ಮ ಮನೆಯಿಂದಲೂ ಅಂಥ ಹಾಳೆ ಹೊರಡಬಹುದು, ಅಥವಾ ಅವಳೇ ಯಾರನ್ನಾದರೂ ಕರೆತಂದು ನಿಲ್ಲಿಸಬಹುದು. ಹಾಳೆ ಹೊರಟರೆ ಧರ್ಮ: ಬೌದ್ಧ ಎಂಬಲ್ಲಿಗೆ ನಿಲ್ಲಲಿ, ಕೆಳಗಿನ ಎರಡು ಸಾಲು ಇರಬಾರದು ಎಂದು ನಾನೂ ಮನೆಯವರೂ ಮಾತಾಡಿಕೊಂಡಿದ್ದೇವೆ. ನೆಂಟರಲ್ಲಿ ಕೆಲವರು ಆಗಲೇ ಮುಖ ತಿರುಗಿಸಿದ್ದಾರೆ. ಅವರು ದುಷ್ಟರಲ್ಲ, ನನ್ನನ್ನು ಎತ್ತಿ ಆಡಿಸಿದವರೇ. ಅದಕ್ಕೇ ಇದು ಕಷ್ಟ.

ಹೆಂಡತಿಗೆ ಹಂಗೇರಿಯನ್ನಿನಲ್ಲಿ 'ಫೆಲೆಶೇಗ್' ಎನ್ನುತ್ತಾರೆ. ಅದರೊಳಗೆ ಇರುವುದು 'ಫೇಲ್', ಅಂದರೆ ಅರ್ಧ. ಹಳೆಯ ಕಾಲದಲ್ಲಿ ಗೆಳೆಯರನ್ನು, ಜೊತೆಯವರನ್ನು ಕೂಡ ಇದೇ ಪದದಿಂದ ಕರೆಯುತ್ತಿದ್ದರಂತೆ, ನನ್ನ ಅರ್ಧಗಳೇ ಎಂದು. ಇದನ್ನು ಓದಿದಾಗ ಸಂಯುತ್ತ ನಿಕಾಯದ ಒಂದು ಪ್ರಸಂಗ ನೆನಪಾಯಿತು. ಕಲ್ಯಾಣಮಿತ್ರರು ಸಿಗುವುದೆಂದರೆ ಧಮ್ಮಜೀವನದ ಅರ್ಧ ಸಿಕ್ಕಂತೆ ಎಂದು ಆನಂದರು ಹೇಳುತ್ತಾರೆ. ಹಾಗೆನ್ನಬೇಡ ಆನಂದ, ಅದು ಅರ್ಧವಲ್ಲ, ಇಡೀ ಧಮ್ಮಜೀವನವೇ ಅದು ಎಂದು ಬುದ್ಧರು ತಿದ್ದುತ್ತಾರೆ. ವಿಹಾರದಲ್ಲಿ ಬಂಧು, ಮನೆಯ ಹೊಸ್ತಿಲಲ್ಲಿ ಬೇರೆಯವನು ಎಂದರೆ ಅದು ಅರ್ಧದ ಮೈತ್ರಿ. ಭಗವಾನರು ಒಪ್ಪದೇ ಹೋದದ್ದು ಆ ಅರ್ಧವನ್ನೇ ಅಲ್ಲವೇ?

ಸಿಗಾಲ ಎಂಬ ಗೃಹಸ್ಥನಿಗೆ ಬುದ್ಧರು ಆರು ದಿಕ್ಕುಗಳ ಅರ್ಥ ಹೇಳಿದ್ದು ನಿಮಗೆ ಗೊತ್ತು. ಪೂರ್ವ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗೆ ದುಡಿಯುವವರು, ಮೇಲೆ ಶ್ರಮಣರು. ಅಲ್ಲಿ ಒಂದು ಸಂಬಂಧವೂ ಒಂದೇ ದಿಕ್ಕಿನದಲ್ಲ. ಮಗನ ಕರ್ತವ್ಯ ಹೇಳಿದ ಮೇಲೆ ತಂದೆತಾಯಿಯ ಕರ್ತವ್ಯವನ್ನೂ ಹೇಳುತ್ತಾರೆ. ಒಡೆಯನಿಗೂ ಕರ್ತವ್ಯ ಇದೆ, ಶಕ್ತಿ ನೋಡಿ ಕೆಲಸ ಕೊಡಬೇಕು, ಊಟ ಕೂಲಿ ಕೊಡಬೇಕು, ಕಾಯಿಲೆಯಲ್ಲಿ ನೋಡಿಕೊಳ್ಳಬೇಕು. ಗೆಳೆಯರಿಗೆ ಹೇಳಿದ ಐದರಲ್ಲಿ ಒಂದು 'ಸಮಾನತ್ತತಾ', ತನ್ನಂತೆಯೇ ಕಾಣುವುದು. ಸಂಬಂಧದ ಪದ ಯಾವಾಗ ನಿಜವಾಗುತ್ತದೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ. ರಕ್ತದಿಂದ ಅದು ತಾನಾಗಿ ನಿಜವಾಗುವುದಿಲ್ಲ, ಕರೆದ ಮಾತ್ರಕ್ಕೂ ಆಗುವುದಿಲ್ಲ. ಎರಡೂ ದಿಕ್ಕಿಗೆ ಹರಿಯಬೇಕು, ಮತ್ತು ಅದರ ಹೊಣೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ನಾವು ಹೋಗಬೇಕು. ನಡುವೆ ನಿಂತರೆ ಅದು ಯಪ್ಪಾ ಎಂಬ ಪದದಂತೆಯೇ ಸುಳ್ಳು.

ಇಂದಿನ ಚಿಂತನೆಗೆ: ವಿಹಾರದಲ್ಲಿ ನಾನು ಬಂಧು ಎಂದು ಕರೆಯುವವರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳೋಣ. ಪ್ರತಿ ಹೆಸರಿನ ಮುಂದೆ ಕೇಳಿಕೊಳ್ಳೋಣ: ಇವರನ್ನು ನಾನು ಬೀಗರೇ ಎಂದೂ ಕರೆಯಬಲ್ಲೆನೇ? ಇಲ್ಲ ಎಂಬ ಉತ್ತರ ಬಂದ ಕಡೆ ಸ್ವಲ್ಪ ಹೊತ್ತು ಕೂರೋಣ. ಯಾಕೆ ಇಲ್ಲ ಎಂದು ಪ್ರಾಮಾಣಿಕವಾಗಿ ನೋಡೋಣ. ಆಮೇಲೆ ಇಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಮಕ್ಕಳ ಮುಂದೆಯೇ ಆ ಮಾತು ತೆಗೆಯೋಣ.

ನಮೋ ಬುದ್ಧಾಯ. ಜೈ ಭೀಮ್.